ಪಾಡ್‌ಕಾಸ್ಟ್: ಶಾಲೆಗೆ ಗ್ರಂಥಾಲಯ ಬೇಕು, ಗ್ರಂಥಪಾಲಕರು ಬೇಡವಾ?

ನೀವು ಓದಿದ ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಅಲ್ಮೇರಾ ಇತ್ತಾ? ಇತ್ತು ಅಂತೀರಿ. ಸರಿ, ಅದರ ಬೀಗದ ಕೈ ಯಾರ ಹತ್ತಿರ ಇತ್ತು?

ಇವತ್ತಿನ ಮಾತು ಆ ಬೀಗದ ಬಗ್ಗೆ. ಬಾಗಲಕೋಟೆ ಜಿಲ್ಲೆಯ ಗುಡೂರಿನಂಥ ಊರಲ್ಲಿ ಬಿ.ಲಿಬ್ ಮುಗಿಸಿದ ಹುಡುಗಿಯೊಬ್ಬಳು ಹತ್ತಿರದ ಖಾಸಗಿ ಪ್ರಾಥಮಿಕ ಶಾಲೆಗೆ ಅರ್ಜಿ ಹಾಕ್ತಾಳೆ ಅಂತ ಇಟ್ಕೊಳ್ಳಿ. ಅವಳಿಗೆ ಅಲ್ಲಿ ಏನು ಕೆಲಸ?

ಮೊದಲು ಕಾನೂನು ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಎಲ್ಲ ಸಿಗಬೇಕು. ಖಾಸಗಿ ಶಾಲೆಗೂ ಇದು ಅನ್ವಯ. ಆದರೆ ಅದೇ ಅನುಸೂಚಿಯಲ್ಲಿ ಯಾರ್‍ಯಾರು ಇರಬೇಕು ಅಂತ ಹೇಳುವ ಕಡೆ ಶಿಕ್ಷಕರಿದ್ದಾರೆ, ಮುಖ್ಯ ಶಿಕ್ಷಕರಿದ್ದಾರೆ, ಗ್ರಂಥಪಾಲಕರು ಇಲ್ಲ! ಹಾಗಾಗಿ ಈ ಹುದ್ದೆ ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟದ್ದು. ನೇಮಿಸಿಕೊಂಡರೂ ರಜೆ ಹಾಕಿದ ಟೀಚರ್ ಬದಲಿಗೆ ಕ್ಲಾಸಿಗೆ ಕಳಿಸೋದು, ಆಫೀಸಿನ ಟೈಪಿಂಗ್ ಹಚ್ಚೋದು ಉಂಟು.

ಇನ್ನು ನಿಜವಾದ ಕೆಲಸ. ತರಗತಿಯಲ್ಲಿ 30 ಮಕ್ಕಳು, ವಾರಕ್ಕೊಂದು ಪಿರಿಯಡ್, 40 ನಿಮಿಷ ಅಂದುಕೊಳ್ಳಿ. ಒಂದೊಂದು ಮಗುವಿನ ಹೆಸರು ರಿಜಿಸ್ಟರಿನಲ್ಲಿ ಬರೆಯೋಕೆ ಒಂದು ನಿಮಿಷ ಹಿಡಿದರೂ 30 ನಿಮಿಷ ಅಲ್ಲೇ ಹೋಯ್ತು. ಕಥೆ ಓದಿ ಹೇಳೋಕೆ ಉಳಿದದ್ದು ಹತ್ತೇ ನಿಮಿಷ. ಅದಕ್ಕೇ ಪ್ರತಿ ಪುಸ್ತಕದಲ್ಲೂ ಒಂದು ಕಾರ್ಡ್ ಇಟ್ಟು, ದೊಡ್ಡ ಮಕ್ಕಳಿಗೆ ತಾವೇ ಬರೆದುಕೊಡೋದನ್ನ ಕಲಿಸಬೇಕು. ಒಂದನೇ ತರಗತಿಯವರಿಗೆ ಡ್ಯೂಯಿ ಅಂಕಿಗಳು ಅರ್ಥ ಆಗಲ್ಲ. ಪ್ರಾಣಿ ಕಥೆಗೆ ಹಸಿರು, ವಿಜ್ಞಾನಕ್ಕೆ ನೀಲಿ, ಹೀಗೆ ಬಣ್ಣದ ಚೀಟಿ ಅಂಟಿಸಿದರೆ ಸಾಕು.

ಆದರೆ ದೊಡ್ಡ ತೊಡಕು ಸಮಯದ್ದಲ್ಲ, ಹೆದರಿಕೆಯದ್ದು. ‘ಪುಸ್ತಕ ಹರದ್ರ ರೊಕ್ಕ ಯಾರು ಕೊಡ್ತಾರ?’ ಎಂಬ ಚಿಂತೆಯಿಂದಲೇ ಅಲ್ಮೇರಾಕ್ಕೆ ಬೀಗ ಬೀಳುತ್ತೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಕೊಟ್ಟರು. ಮೊದಲನೆಯದರ ತಾತ್ಪರ್ಯ ಇಷ್ಟೇ: ಪುಸ್ತಕ ಇರೋದು ಬಳಸೋಕೆ, ಕಾಯೋಕಲ್ಲ. ಏಳು ವರ್ಷದ ಮಗು ಪುಸ್ತಕ ಮನೆಗೆ ಒಯ್ದರೆ ಒಂದೆರಡು ಹಾಳೆ ಹರಿಯುತ್ತೆ, ಅದು ಲೆಕ್ಕಕ್ಕೆ ಬರಬೇಕಾದ ಖರ್ಚು. ನಷ್ಟವನ್ನು ಗ್ರಂಥಪಾಲಕಿಯ ಸಂಬಳದಿಂದ ಹಿಡಿದರೆ ಅವಳೂ ಬೀಗ ಹಾಕ್ತಾಳೆ. ತಪ್ಪು ಅವಳದ್ದಾ ಹೇಳಿ?

ದುಡ್ಡಿಲ್ಲ ಅನ್ನೋ ಶಾಲೆಗೂ ದಾರಿಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಉಚಿತ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡ್ತವೆ. ಖಾಸಗಿ ಶಾಲೆಯ ಮಕ್ಕಳನ್ನೂ ಅಲ್ಲಿಗೆ ಕರ್ಕೊಂಡು ಹೋಗಬಹುದಲ್ಲ?

ಇನ್ನೊಂದು ದಾರಿ ಮನೆಯಲ್ಲೇ ಇದೆ. ಇಳಕಲ್ ಸೀಮೆಯಲ್ಲಿ ಮಗ್ಗದ ಸದ್ದು ಕೇಳ್ತಾ ಬೆಳೆಯುವ ಮಕ್ಕಳಿದ್ದಾರೆ. ಸೀರೆಯ ಒಡಲಿಗೂ ಸೆರಗಿಗೂ ‘ಕೊಂಡಿ’ ಹಾಕೋದು ಹೇಗೆ ಅಂತ ಅಜ್ಜಿಯನ್ನ ಕೇಳಿ, ಬರೆದು, ಚಿತ್ರ ಹಾಕಿ, ಹೊಲಿದರೆ ಅದೂ ಒಂದು ಪುಸ್ತಕ. ಬರೆದ ಮಗುವಿನ ಗೆಳೆಯರು ಅದನ್ನೇ ಮೊದಲು ಓದ್ತಾರೆ.

ಈ ಕೆಲಸಕ್ಕೆ ಹೋಗಬೇಕು ಅಂತಿದ್ದೀರಾ? ಸಂದರ್ಶನದಲ್ಲಿ ನೀವೂ ಮೂರು ಪ್ರಶ್ನೆ ಕೇಳಿ. ವರ್ಷಕ್ಕೆ ಹೊಸ ಪುಸ್ತಕಕ್ಕೆ ಎಷ್ಟು ಹಣ? ಮಕ್ಕಳು ಪುಸ್ತಕ ಮನೆಗೆ ಒಯ್ಯಬಹುದಾ? ಕಳೆದುಹೋದರೆ ಹೊಣೆ ಯಾರದ್ದು? ಉತ್ತರಗಳನ್ನ ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಸಂಬಳದ ಮಾತು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ಯಾಕಂದ್ರೆ ಬೀಗದ ಕೈ ನಿಮ್ಮ ಕೈಗೆ ಬರುತ್ತೆ, ತೆರೆಯುವ ಧೈರ್ಯ ಕೊಡಬೇಕಾದದ್ದು ಶಾಲೆ.