ಉಪಾಹಾರ ಗೃಹದ ಪರವಾನಗಿ ಬದಲಾವಣೆ: ನೆರೆಹೊರೆಯವರ ಅಹವಾಲು ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ)

ಊರಂಚಿನ ರಸ್ತೆಯಲ್ಲಿ ಒಂದು ಖಾನಾವಳಿ ಇದೆ ಎಂದು ಭಾವಿಸೋಣ. ಬೆಳಿಗ್ಗೆ ಉಪಾಹಾರ, ಮಧ್ಯಾಹ್ನ ಊಟ ನೀಡಿ ರಾತ್ರಿ ಒಂಬತ್ತಕ್ಕೆ ಬಾಗಿಲು ಮುಚ್ಚುವ ಸ್ಥಳವದು. ಮಾಲೀಕರು ಅಲ್ಲಿ ಮದ್ಯ ಮಾರಾಟಕ್ಕೆ ಅನುಮತಿ ಕೋರಿದ್ದಾರೆಂಬ ಸುದ್ದಿ ಹಬ್ಬಿದೊಡನೆ ಅಕ್ಕಪಕ್ಕದ ಮನೆಯವರು ಸಹಿ ಸಂಗ್ರಹಿಸಿ ಪಂಚಾಯತಿಗೆ ಮನವಿ ಸಲ್ಲಿಸುತ್ತಾರೆ. ಸಭೆಯಲ್ಲಿ ವಿರೋಧದ ಠರಾವು ಅಂಗೀಕಾರವಾಗುತ್ತದೆ. ಕೆಲವು ತಿಂಗಳ ಬಳಿಕ ಬಾರ್ ತೆರೆದಾಗ, ಪಂಚಾಯತಿ ತಮ್ಮನ್ನು ಕೈಬಿಟ್ಟಿತೆಂದು ಜನರು ನೊಂದುಕೊಳ್ಳುತ್ತಾರೆ. ಇಂತಹ ಪ್ರಸಂಗದಲ್ಲಿ ಠರಾವಿನ ಭಾಷೆ ಎಷ್ಟು ಕಟುವಾಗಿದೆ ಎಂಬುದಕ್ಕಿಂತ, ಅದರಲ್ಲಿ ಪರಿಶೀಲಿಸಬಹುದಾದ ಸಂಗತಿಗಳು ಎಷ್ಟಿವೆ ಎಂಬುದೇ ಮುಖ್ಯವಾಗುತ್ತದೆ.

ಯಾರ ಅಧಿಕಾರ, ಯಾವ ಕಾಯ್ದೆ

ಒಂದೇ ಕಟ್ಟಡಕ್ಕೆ ಹಲವು ಅನುಮತಿಗಳು ಅನ್ವಯಿಸುತ್ತವೆ. ವ್ಯಾಪಾರದ ಸಾಮಾನ್ಯ ಪರವಾನಗಿ ಹಾಗೂ ಕಟ್ಟಡದ ಅನುಮತಿ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ ಗ್ರಾಮ ಪಂಚಾಯತಿಯ ವ್ಯಾಪ್ತಿಗೆ ಬರುತ್ತವೆ. ಆಹಾರದ ನೋಂದಣಿ ಅಥವಾ ಪರವಾನಗಿಯು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಗೆ ಒಳಪಟ್ಟಿದೆ. ಮದ್ಯದ ಸನ್ನದು 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಸಂಬಂಧಿಸಿದ್ದು. ಅದನ್ನು ನೀಡುವ ಅಥವಾ ನಿರಾಕರಿಸುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ.

ಆದುದರಿಂದ ಮೊದಲು ತಿಳಿಯಬೇಕಾದುದು ಸನ್ನದಿನ ವರ್ಗ. ಸಿ.ಎಲ್.-2 ಚಿಲ್ಲರೆ ಅಂಗಡಿಗೆ, ಸಿ.ಎಲ್.-7 ವಸತಿಗೃಹ ಸಹಿತ ಹೋಟೆಲಿಗೆ, ಸಿ.ಎಲ್.-9 ಬಾರ್ ಮತ್ತು ರೆಸ್ಟೋರೆಂಟಿಗೆ ಸಂಬಂಧಿಸಿದವು. ಬೇರೆಡೆ ಇರುವ ಸನ್ನದನ್ನು ಸ್ಥಳಾಂತರಿಸಲು ಅರ್ಜಿ ಬಂದಿರುವ ಸಾಧ್ಯತೆಯೂ ಉಂಟು. ವರ್ಗಕ್ಕನುಗುಣವಾಗಿ ಷರತ್ತು ಮತ್ತು ವಿನಾಯಿತಿಗಳು ಬದಲಾಗುವುದರಿಂದ ಅಬಕಾರಿ ಕಚೇರಿಯಿಂದ ಈ ಮಾಹಿತಿಯನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

ಅಂತರದ ಅಳತೆ

1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತು ನಿಯಮಗಳ 5ನೇ ನಿಯಮವು ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ ಮತ್ತು ಸರ್ಕಾರಿ ಹಾಗೂ ಸ್ಥಳೀಯ ಸಂಸ್ಥೆಗಳ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಯನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಬಹುಸಂಖ್ಯೆಯಲ್ಲಿ ವಾಸಿಸುವ ಪ್ರದೇಶಕ್ಕೂ ಈ ನಿಯಮದ ರಕ್ಷಣೆಯಿದೆ. ಹೆದ್ದಾರಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ 500 ಮೀಟರ್ ಅಂತರ ವಿಧಿಸಿ, 2017ರ ಮಾರ್ಚ್‌ನಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ಅನಂತರದ ಆದೇಶಗಳಲ್ಲಿ ಇನ್ನಷ್ಟು ಸಡಿಲಿಕೆಗಳೂ ಬಂದಿವೆ.

ಈ ಅಂತರವನ್ನು ನಕ್ಷೆಯ ಮೇಲೆ ನೇರಗೆರೆ ಎಳೆದು ನಿರ್ಧರಿಸುವಂತಿಲ್ಲ. ಅಂಗಡಿಯ ಪ್ರವೇಶದ್ವಾರದ ಮಧ್ಯಬಿಂದುವಿನಿಂದ, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಅತಿ ಸಮೀಪದ ದಾರಿಯಲ್ಲಿ, ಸಂಸ್ಥೆಯ ಗೇಟಿನ ಮಧ್ಯದವರೆಗೆ ಅಳೆಯಬೇಕು. ಆವರಣ ಗೋಡೆ ಇಲ್ಲದಿದ್ದರೆ ಕಟ್ಟಡದ ಬಾಗಿಲಿನವರೆಗೆ. ಶಾಲೆಯ ಹಿಂಬದಿ ಗೋಡೆ ಖಾನಾವಳಿಗೆ ತಾಗಿದ್ದರೂ ನಡೆಯುವ ದಾರಿ ಸುತ್ತು ಬಳಸಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅನೇಕ ತಕರಾರುಗಳು ಬಿದ್ದುಹೋಗುವುದು ಇಲ್ಲಿಯೇ. ಪಂಚರ ಸಮಕ್ಷಮದಲ್ಲಿ ಅಳೆದು ಮಹಜರು ಬರೆಸಿ, ಛಾಯಾಚಿತ್ರ ಸಹಿತ ಠರಾವಿಗೆ ಲಗತ್ತಿಸುವುದು ಉಪಯುಕ್ತ.

ಅಹವಾಲುಗಳನ್ನು ವಿಂಗಡಿಸುವ ಬಗೆ

ರಾತ್ರಿಯ ಧ್ವನಿವರ್ಧಕ, ರಸ್ತೆಯ ಮೇಲಿನ ವಾಹನ ನಿಲುಗಡೆ, ಚರಂಡಿಗೆ ಹರಿಯುವ ಎಣ್ಣೆಜಿಡ್ಡು, ಒಡೆದ ಬಾಟಲಿ, ಕತ್ತಲಾದ ಮೇಲೆ ಕೆಲಸದಿಂದ ಮರಳುವ ಹೆಣ್ಣುಮಕ್ಕಳ ಸುರಕ್ಷತೆ: ಇವೆಲ್ಲವೂ ಗಂಭೀರ ಆತಂಕಗಳೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. “ತೊಂದರೆಯಾಗುತ್ತದೆ” ಎಂಬ ಒಂದು ಸಾಲಿಗಿಂತ, ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಯಾರು ಓಡಾಡುತ್ತಾರೆ, ಬೀದಿದೀಪ ಎಲ್ಲಿ ಇಲ್ಲ ಎಂಬ ವಿವರಕ್ಕೆ ಹೆಚ್ಚಿನ ತೂಕವಿದೆ.

ಇದಕ್ಕೆ ಪ್ರತಿಯಾಗಿ, ಮಾಲೀಕರ ಜಾತಿ, ಧರ್ಮ, ಅಲ್ಲಿ ಬಡಿಸುವ ಮಾಂಸಾಹಾರ ಅಥವಾ ಪ್ರತಿಸ್ಪರ್ಧಿ ವ್ಯಾಪಾರಿಯ ಹಿತ ಇವು ಆಕ್ಷೇಪಣೆಗೆ ಆಧಾರವಾಗಲಾರವು. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲವೆಂದು ಖೋಡೇ ಡಿಸ್ಟಿಲರೀಸ್ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ; ಆದರೆ ನಿಯಮಾನುಸಾರ ಅರ್ಜಿ ಹಾಕಿದವರನ್ನು ಪಕ್ಷಪಾತವಿಲ್ಲದೆ ಕಾಣಬೇಕಾದುದು ಧರ್ಮ. ಅರ್ಜಿದಾರರಿಗೂ ಸಭೆಯಲ್ಲಿ ಮಾತನಾಡಲು ಅವಕಾಶವಿರಲಿ. ಅವರೊಡನೆ ವ್ಯವಹಾರ ಅಥವಾ ಬಂಧುತ್ವವುಳ್ಳ ಸದಸ್ಯರು ಚರ್ಚೆಯಿಂದ ದೂರವಿರುವುದು ಉಚಿತ.

ಠರಾವಿನ ನಂತರ

ಅಳತೆಯ ಮಹಜರು ಮತ್ತು ಮನವಿಗಳ ಪ್ರತಿಗಳೊಂದಿಗೆ ಠರಾವನ್ನು ಸನ್ನದು ಮಂಜೂರಾಗುವ ಮೊದಲೇ ಜಿಲ್ಲಾಧಿಕಾರಿಗಳಿಗೂ ಅಬಕಾರಿ ಉಪ ಆಯುಕ್ತರಿಗೂ ಕಳುಹಿಸಿ ಸ್ವೀಕೃತಿ ಪಡೆಯತಕ್ಕದ್ದು. ಸನ್ನದು ದೊರೆತ ಮಾತ್ರಕ್ಕೆ ಪಂಚಾಯತಿಯ ಕೆಲಸ ಮುಗಿಯುವುದಿಲ್ಲ. ಚರಂಡಿ, ಕಸ, ಬೀದಿದೀಪ, ಅನುಮತಿಯಿಲ್ಲದೆ ಕಟ್ಟಿದ ಚಾವಣಿ ಇವು ಪಂಚಾಯತಿಯ ಕಣ್ಗಾವಲಿನಲ್ಲಿಯೇ ಉಳಿಯುತ್ತವೆ. ಸಮಯ ಮೀರಿ ವ್ಯಾಪಾರ ನಡೆದರೆ ದಿನಾಂಕ, ಗಂಟೆ ಸಹಿತ ದಾಖಲಿಸಿ ಅಬಕಾರಿ ಮತ್ತು ಪೊಲೀಸ್ ಇಲಾಖೆಗೆ ತಿಳಿಸಬಹುದು. ಸನ್ನದಿನ ನವೀಕರಣದ ವೇಳೆ ಅಂತಹ ದಾಖಲೆ ನೆರವಿಗೆ ಬರುತ್ತದೆ.

ಮನವಿ ಹಿಡಿದು ಬಂದ ನೆರೆಯವರಿಗೆ ಬಾರ್ ಬರುವುದೇ ಇಲ್ಲವೆಂದು ಸದಸ್ಯರು ಭರವಸೆ ನೀಡಲಾಗದು. ಅವರ ಮಾತನ್ನು ಅಳೆದು, ಬರೆದು, ಸಕಾಲದಲ್ಲಿ ಸಲ್ಲಬೇಕಾದಲ್ಲಿಗೆ ಮುಟ್ಟಿಸುವ ಭರವಸೆಯನ್ನು ಮಾತ್ರ ನೀಡಲೇಬೇಕು.