ಹೆಸರು ಹೇಳಲಾಗದ ಕಿವಿ

ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಅದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ತಯಾರಿಸಿದವರು ಯಾರು, ಮಾದರಿ ಯಾವುದು, ಮಾಡುವ ಕೆಲಸ ಏನು ಎಲ್ಲವನ್ನೂ ತಾನೇ ಒಪ್ಪಿಸುತ್ತದೆ. ಯುಎಸ್‌ಬಿಯ ನಿಯಮವೇ ಹಾಗೆ. ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಪಕ್ಕದಲ್ಲಿ ಕೂತಿರುವ ಮೈಕಿಗೆ ಮಾತ್ರ ಸಾಮಾನ್ಯವಾಗಿ ಆ ಸೌಲಭ್ಯ ಇರುವುದಿಲ್ಲ. ಅದಕ್ಕೆ ಕೇಳಿಸುತ್ತದೆ, ಆದರೆ ತಾನು ಅಲ್ಲಿದ್ದೇನೆಂದು ಹೇಳಲು ಬರುವುದಿಲ್ಲ. ‘ಮೈಕ್ರೊಫೋನ್ ಪತ್ತೆಯಾಗಿಲ್ಲ’ ಎಂಬ ಸಂದೇಶ ಕಂಡು ಮದರ್‌ಬೋರ್ಡೇ ಹೋಯಿತೆಂದು ಕಂಗಾಲಾಗುವವರಿಗೆ ಮೊದಲು ತಿಳಿಸಬೇಕಾದ ಸಂಗತಿ ಇದು. ಏಕೆಂದರೆ ಮೈಕ್ ನಿಜವಾಗಿ ಸತ್ತಾಗ ಇಂಥ ಸಂದೇಶ ಬರುವುದೇ ಅಪರೂಪ.

ಈ ಮೈಕ್ ಎಷ್ಟು ಸಣ್ಣದು ಎಂಬುದು ಬಿಚ್ಚಿ ನೋಡಿದಾಗಲೇ ಗೊತ್ತಾಗುವುದು. ಉದ್ದ ಸುಮಾರು ಮೂರೂವರೆ ಮಿಲಿಮೀಟರ್, ಅಗಲ ಎರಡೂವರೆಗಿಂತ ಸ್ವಲ್ಪ ಹೆಚ್ಚು, ದಪ್ಪ ಒಂದು. ಲೋಹದ ಆ ಡಬ್ಬಿಯೊಳಗೆ ಎರಡು ಸಿಲಿಕಾನ್ ತುಣುಕುಗಳಿವೆ. ಒಂದರ ಮೇಲೆ ಹೆಚ್ಚೆಂದರೆ ಒಂದು ಮೈಕ್ರಾನ್ ಆಸುಪಾಸು ದಪ್ಪದ ಪೊರೆ, ಅದಕ್ಕೆದುರಾಗಿ ಕೆಲವೇ ಮೈಕ್ರಾನ್ ದೂರದಲ್ಲಿ ತೂತುಗಳುಳ್ಳ ಗಟ್ಟಿ ಫಲಕ. ಎರಡೂ ಸೇರಿದರೆ ಒಂದು ಕೆಪ್ಯಾಸಿಟರ್. ಪೊರೆ ಅಲುಗಿದರೆ ನಡುವಿನ ಅಂತರ ಬದಲಾಗುತ್ತದೆ, ಅದರ ಜೊತೆಗೆ ಕೆಪ್ಯಾಸಿಟನ್ಸ್ ಕೂಡ. ನಾವು ಮಾಮೂಲಿಯಾಗಿ ಮಾತಾಡುವಾಗ ಗಾಳಿಯಲ್ಲಿ ಏಳುವ ಒತ್ತಡದ ಏರಿಳಿತ 0.02 ಪಾಸ್ಕಲ್ ಆಸುಪಾಸಿನದು. ವಾತಾವರಣದ ಒತ್ತಡವೋ 1,01,325 ಪಾಸ್ಕಲ್. ಐವತ್ತು ಲಕ್ಷದಲ್ಲಿ ಒಂದು ಪಾಲಿನ ಆ ಏರಿಳಿತಕ್ಕೆ ಪೊರೆ ಮಿಡಿಯುತ್ತದೆ. ಪಕ್ಕದ ತುಣುಕು ಆ ಮಿಡಿತವನ್ನು ಅಳೆದು, ಸೆಕೆಂಡಿಗೆ ಇಪ್ಪತ್ತು ಮೂವತ್ತು ಲಕ್ಷ ಸೊನ್ನೆ-ಒಂದುಗಳಾಗಿ ಹೊರಗೆ ಹರಿಸುತ್ತದೆ. ಇಷ್ಟೆಲ್ಲ ನಡೆಯುವುದು ಉಗುರಿನ ತುದಿಗಿಂತ ಚಿಕ್ಕ ಜಾಗದಲ್ಲಿ. ನನಗೆ ಇದು ಇಂದಿಗೂ ಬೆರಗು.

ಇದಕ್ಕೆ ಮೊದಲು ದಶಕಗಳ ಕಾಲ ಆಳಿದ್ದು ಎಲೆಕ್ಟ್ರೆಟ್ ಮೈಕ್. ಬೆಲ್ ಲ್ಯಾಬ್ಸ್‌ನ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ 1962ರಲ್ಲಿ ರೂಪಿಸಿದ್ದು. ಅದರ ಪೊರೆಯಲ್ಲಿ ವಿದ್ಯುದಾವೇಶ ಕಾಯಂ ಆಗಿ ಕೂತಿರುತ್ತದೆ. ಆದರೆ ಬೋರ್ಡುಗಳಿಗೆ ಬಿಡಿಭಾಗ ಬೆಸೆಯುವ ಯಂತ್ರದ ಬಿಸಿಗೆ ಸಾಮಾನ್ಯ ಎಲೆಕ್ಟ್ರೆಟ್‌ನ ಆವೇಶ ಸೋರಿಹೋಗುತ್ತದೆ. ಸಿಲಿಕಾನ್ ಮೈಕ್ ತನಗೆ ಬೇಕಾದ ವೋಲ್ಟೇಜನ್ನು ಒಳಗೇ ತಯಾರಿಸಿಕೊಳ್ಳುವುದರಿಂದ ಅದಕ್ಕೆ ಆ ಭಯವಿಲ್ಲ. ಫೋನು, ಲ್ಯಾಪ್‌ಟಾಪುಗಳಿಗೆ ಅದು ಒಗ್ಗಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಈ ಮೈಕಿನಿಂದ ಹೊರಡುವ ತಂತಿಗಳನ್ನು ಎಣಿಸಿದರೆ ನಮ್ಮ ಸಮಸ್ಯೆಯ ಬೇರು ಸಿಗುತ್ತದೆ. ಕರೆಂಟಿಗೆ ಒಂದು, ಗ್ರೌಂಡಿಗೆ ಒಂದು, ಕ್ಲಾಕ್ ಒಂದು, ಡೇಟಾ ಒಂದು. ಎರಡು ಮೈಕ್‌ಗಳಿದ್ದರೆ ಎರಡೂ ಅದೇ ಡೇಟಾ ತಂತಿಯನ್ನು ಹಂಚಿಕೊಳ್ಳುತ್ತವೆ. ಕ್ಲಾಕ್ ಏರುವಾಗ ಒಂದರ ಸರದಿ, ಇಳಿಯುವಾಗ ಇನ್ನೊಂದರದು. ಈ ಏರ್ಪಾಟಿನಲ್ಲಿ ಹೆಸರಿಗಾಗಲಿ ವಿಳಾಸಕ್ಕಾಗಲಿ ಜಾಗವೇ ಇಲ್ಲ. ಹಾಗಾದರೆ ಮೈಕ್ ಇದೆಯೆಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ತಯಾರಕರು ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಬರೆದಿಟ್ಟ ಒಂದು ಪಟ್ಟಿಯಿಂದ. ‘ಈ ಯಂತ್ರದಲ್ಲಿ ಎರಡು ಡಿಜಿಟಲ್ ಮೈಕ್‌ಗಳಿವೆ’ ಎಂದು ಆ ಪಟ್ಟಿ ಹೇಳುತ್ತದೆ, ಆಪರೇಟಿಂಗ್ ಸಿಸ್ಟಂ ನಂಬುತ್ತದೆ. ಪಡಿತರ ಚೀಟಿಯಂತೆಯೇ: ಹೆಸರಿದ್ದರೆ ಊರು ಬಿಟ್ಟುಹೋದವನೂ ಲೆಕ್ಕಕ್ಕಿರುತ್ತಾನೆ, ಹೆಸರು ಬಿಟ್ಟುಹೋದರೆ ಮನೆಯಲ್ಲೇ ಕೂತವನಿಗೂ ಅಕ್ಕಿ ಸಿಗುವುದಿಲ್ಲ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ಲಿನಕ್ಸ್‌ನಲ್ಲಿದೆ. ಎಎಂಡಿಯ ರೈಜನ್ 6000 ಸರಣಿಯ ಪ್ರೊಸೆಸರ್ ಇರುವ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಮೈಕಿನ ಸುದ್ದಿಯನ್ನೇ ಎತ್ತುವುದಿಲ್ಲ. ಅದಕ್ಕಾಗಿ ಲಿನಕ್ಸ್ ಕರ್ನೆಲ್‌ನ ಒಂದು ಕಡತದಲ್ಲಿ ಲ್ಯಾಪ್‌ಟಾಪ್ ಮಾದರಿಗಳ ಹೆಸರನ್ನು ಒಂದೊಂದಾಗಿ ಬರೆದಿದ್ದಾರೆ: ಲೆನೊವೊದ ಇಂಥದ್ದು, ಏಸಸ್‌ನ ಇಂಥದ್ದು, ಎಚ್‌ಪಿಯ ಇಂಥದ್ದು. ಮೈಕ್ ಕಾಣಿಸದ ಯಾರೋ ತಮ್ಮ ಮಾದರಿಯ ಹೆಸರು ಸೇರಿಸುವ ನಾಲ್ಕಾರು ಸಾಲಿನ ತಿದ್ದುಪಡಿ ಕಳಿಸುತ್ತಾರೆ. ಅದು ಮುಂದಿನ ಕರ್ನೆಲ್‌ನಲ್ಲಿ ಬಂದರೆ, ಅದೇ ಮಾದರಿ ಕೊಂಡ ಎಲ್ಲರ ಮೈಕೂ ಒಮ್ಮೆಲೇ ‘ಪತ್ತೆ’ಯಾಗುತ್ತದೆ. ಯಂತ್ರದೊಳಗೆ ಒಂದು ಸ್ಕ್ರೂ ಕೂಡ ಅಲುಗಿರುವುದಿಲ್ಲ. ಅಪರಿಚಿತರಿಗೆ ಅಪರಿಚಿತರು ಮಾಡುವ ಈ ಉಪಕಾರಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ.

ಇಂಟೆಲ್ ಯಂತ್ರಗಳಲ್ಲಿ ಬೇರೊಂದು ಗೋಜಲಿದೆ. ಸ್ಪೀಕರ್ ಚೆನ್ನಾಗಿ ಹಾಡುತ್ತದೆ, ಮೈಕ್ ಮಾತ್ರ ಇಲ್ಲ. ಸೌಂಡ್ ಕಾರ್ಡ್ ಒಂದೇ ಅಲ್ಲವೇ ಎಂದು ಕೇಳುತ್ತೀರಿ. ಹಲವು ಲ್ಯಾಪ್‌ಟಾಪುಗಳಲ್ಲಿ ಒಂದೇ ಅಲ್ಲ. ಸ್ಪೀಕರ್ ಮತ್ತು ಹೆಡ್‌ಫೋನ್ ರಿಯಲ್‌ಟೆಕ್‌ನಂಥ ಆಡಿಯೊ ಚಿಪ್ಪಿಗೆ ಜೋಡಣೆಯಾಗಿರುತ್ತವೆ. ಮೈಕಿನ ತಂತಿಗಳು ಆ ಚಿಪ್ಪನ್ನು ಮುಟ್ಟದೆ ನೇರವಾಗಿ ಇಂಟೆಲ್ ಚಿಪ್ಪಿನೊಳಗಿರುವ ಸಣ್ಣ ಧ್ವನಿ ಸಂಸ್ಕಾರಕಕ್ಕೆ ಹೋಗುತ್ತವೆ. ಅದಕ್ಕೆ ತನ್ನದೇ ಫರ್ಮ್‌ವೇರ್, ತನ್ನದೇ ಡ್ರೈವರ್ ಬೇಕು. ಆದ್ದರಿಂದ ಇಂಥ ಯಂತ್ರದಲ್ಲಿ ರಿಯಲ್‌ಟೆಕ್ ಡ್ರೈವರನ್ನು ಎಷ್ಟು ಸಲ ತೆಗೆದು ಹಾಕಿದರೂ ಮೈಕ್ ಬರುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ‘ಇಂಟೆಲ್ ಸ್ಮಾರ್ಟ್ ಸೌಂಡ್’ ಎಂಬ ಸಾಲು ಇದೆಯೇ, ಅದರ ಮೇಲೆ ಹಳದಿ ಗುರುತಿದೆಯೇ ನೋಡಿ. ಇದ್ದರೆ, ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ನಿಮ್ಮದೇ ಮಾದರಿಗೆ ಕೊಟ್ಟಿರುವ ಡ್ರೈವರ್ ಹಾಕಿ. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿಗೆ ಸರಿಮಾಡುತ್ತೇವೆ ಎನ್ನುವ ತಂತ್ರಾಂಶಗಳ ಹತ್ತಿರವೂ ಸುಳಿಯಬೇಡಿ. ಲಿನಕ್ಸ್‌ನಲ್ಲಾದರೆ ‘ಸೌಂಡ್ ಓಪನ್ ಫರ್ಮ್‌ವೇರ್’ ಪ್ಯಾಕೇಜ್ ಇದೆಯೇ ಎಂದು ನೋಡಬೇಕು.

ಡ್ರೈವರಿಗೂ ಮೊದಲು ಬಯೋಸ್ ಒಳಗೆ ಒಮ್ಮೆ ಇಣುಕುವುದು ಒಳ್ಳೆಯದು. ಕಚೇರಿ ಬಳಕೆಗೆಂದು ಮಾಡಿದ ಹಲವು ಲ್ಯಾಪ್‌ಟಾಪುಗಳಲ್ಲಿ ಮೈಕನ್ನು ಅಲ್ಲೇ ಬಂದ್ ಮಾಡಬಹುದು. ಹಾಗೆ ಮಾಡಿದ್ದರೆ ವಿಂಡೋಸ್‌ಗೆ ಅದರ ಸುಳಿವೇ ಸಿಗುವುದಿಲ್ಲ. ಕಂಪನಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ಇದನ್ನು ಮರೆಯಬಾರದು. ಇನ್ನೊಂದು ವಿಷಯ: ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಳತಿರುಳು ಪೂರ್ತಿ ಆರುವುದಿಲ್ಲ, ಡಿಸ್ಕಿನಲ್ಲಿ ಉಳಿದುಕೊಂಡು ಮರಳಿ ಏಳುತ್ತದೆ. ಸಿಕ್ಕಿಕೊಂಡ ಡ್ರೈವರ್ ಹಾಗೇ ಸಿಕ್ಕಿಕೊಂಡಿರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಆಪಲ್‌ನದ್ದು ಬೇರೆಯೇ ದಾರಿ. ಟಿ2 ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ಮುಚ್ಚಳ ಮುಚ್ಚಿದರೆ ಮೈಕಿನ ಸಂಪರ್ಕ ಹಾರ್ಡ್‌ವೇರ್ ಮಟ್ಟದಲ್ಲೇ ಕಡಿದುಹೋಗುತ್ತದೆ. ಕದ್ದು ಕೇಳುವ ತಂತ್ರಾಂಶವನ್ನು ತಡೆಯಲು ಮಾಡಿದ ಈ ಏರ್ಪಾಟನ್ನು 2018ರಲ್ಲಿ ಕಂಪನಿ ಪ್ರಕಟಿಸಿತು. ಮುಚ್ಚಿದ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿ ಕೆಲಸ ಮಾಡುವವರು ಅಲ್ಲಿ ಮೈಕ್ ಹುಡುಕಿ ಪ್ರಯೋಜನವಿಲ್ಲ.

ಇನ್ನು ಎರಡನೆಯ ಬಗೆಯ ತೊಂದರೆ: ಮೈಕ್ ಪಟ್ಟಿಯಲ್ಲಿದೆ, ಆದರೆ ಮಾತಾಡಿದರೆ ಮಟ್ಟದ ಗೆರೆ ಮೇಲೇಳುವುದಿಲ್ಲ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ಅನುಮತಿ ಇದೆಯೇ, ಕೀಬೋರ್ಡಿನ ಮ್ಯೂಟ್ ಕೀ ಒತ್ತಿಹೋಗಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಇವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಒಂದಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಒಳಮೈಕಿನ ಎಡ ಮತ್ತು ಬಲ ಚಾನೆಲ್‌ಗಳು ಒಂದಕ್ಕೊಂದು ತದ್ವಿರುದ್ಧವಾಗಿರುತ್ತವೆ. ಎಡದ ಅಲೆ ಏರುವಾಗ ಬಲದ್ದು ಅಷ್ಟೇ ಇಳಿಯುತ್ತದೆ. ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದರೆ ದನಿ ಸೊಗಸಾಗಿ ಕೇಳುತ್ತದೆ. ಕರೆ ಮಾಡುವ ಆ್ಯಪ್ ಎರಡನ್ನೂ ಕೂಡಿಸಿ ಮೋನೊ ಮಾಡಿದ ಕೂಡಲೇ ಎರಡೂ ಒಂದನ್ನೊಂದು ನುಂಗಿ ಮೌನ ಉಳಿಯುತ್ತದೆ. ಲಿನಕ್ಸ್ ಬಳಕೆದಾರರು ಇದಕ್ಕೆ ಕಂಡುಕೊಂಡ ಉಪಾಯ ಬಲು ಸರಳ: ಬಲದ ಚಾನೆಲನ್ನು ಸೊನ್ನೆಗೆ ಇಳಿಸಿದರೆ ಮಾತು ಮರಳುತ್ತದೆ.

ಇವೆಲ್ಲ ಆದಮೇಲೂ ಮೌನವೇ ಇದ್ದರೆ ತಂತಿ, ತೂತುಗಳ ಕಡೆ ಗಮನ ಹರಿಸಿ. ಆಗಲೂ ಪಿನ್ ಹಿಡಿದು ಮೈಕಿನ ತೂತಿಗೆ ಚುಚ್ಚಲೇಬಾರದು, ಬ್ಲೋವರ್‌ನಿಂದ ಗಾಳಿ ಊದಲೂಬಾರದು. ಮೈಕ್ರಾನ್ ದಪ್ಪದ ಪೊರೆ ಅದನ್ನು ತಾಳುವುದಿಲ್ಲ, ಹರಿದರೆ ಹೊಲಿಯುವ ದಾರಿಯೂ ಇಲ್ಲ. ಮೃದುವಾದ ಒಣ ಬ್ರಷ್‌ನಿಂದ ಮೇಲಿನ ಧೂಳು ಸವರಿದರೆ ಸಾಕು. ಸಾವಿರಾರು ಸಲ ತೆರೆದು ಮುಚ್ಚಿದ ಕೀಲಿನೊಳಗೆ ಮೈಕಿನ ತಂತಿ ಸವೆದಿರುವುದೂ ಉಂಟು. ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ವಾಲಿಸುತ್ತ ರೆಕಾರ್ಡ್ ಮಾಡಿ ನೋಡಿ. ಒಂದು ಕೋನದಲ್ಲಿ ದನಿ ಬಂದು ಇನ್ನೊಂದರಲ್ಲಿ ಹೋದರೆ ಅನುಮಾನ ತಂತಿಯ ಮೇಲೇ. ಕೆಲವು ಮಾದರಿಗಳಲ್ಲಿ ಮೈಕ್ ಕ್ಯಾಮೆರಾದ ಯುಎಸ್‌ಬಿ ಬೋರ್ಡಿನ ಮೇಲೆಯೇ ಇರುತ್ತದೆ. ಅಲ್ಲಿ ತಂತಿ ತುಂಡಾದರೆ ಕ್ಯಾಮೆರಾ, ಮೈಕ್ ಎರಡೂ ಒಟ್ಟಿಗೆ ಕಣ್ಮರೆಯಾಗುತ್ತವೆ. ಅಂಗಡಿಗೆ ಹೋದಾಗ ಈ ಒಂದು ಮಾತನ್ನು ಮೊದಲೇ ಹೇಳಿ: ‘ಕ್ಯಾಮೆರಾನೂ ಕಾಣಿಸ್ತಾ ಇಲ್ಲ.’ ಮದರ್‌ಬೋರ್ಡಿಗೆ ಕೈಹಾಕುವ ಮುನ್ನ ಕೇಬಲ್ ಬದಲಿಸಿ ನೋಡುವಂತೆ ಕೇಳಿ.

ರಿಪೇರಿಗೆ ದಿನ ಹಿಡಿಯುತ್ತದೆ, ನಾಳೆ ಸಂದರ್ಶನ ಇದೆ ಎಂದಾದರೆ ಯುಎಸ್‌ಬಿ ಹೆಡ್‌ಸೆಟ್ ಕೊಳ್ಳಿ. ಅದರೊಳಗೆ ಅದರದೇ ಆಡಿಯೊ ಚಿಪ್ ಇದೆ, ಬಯೋಸ್‌ನ ಮೈಕ್ ಪಟ್ಟಿಯ ಹಂಗು ಅದಕ್ಕಿಲ್ಲ. 3.5 ಮಿಲಿಮೀಟರ್‌ನ ಒಂದೇ ಪಿನ್ ಇರುವ ಹೆಡ್‌ಸೆಟ್ ಆದರೆ ತುದಿಯಲ್ಲಿ ಲೋಹದ ನಡುವೆ ಮೂರು ಪ್ಲಾಸ್ಟಿಕ್ ಉಂಗುರಗಳಿವೆಯೇ ಎಂದು ಎಣಿಸಿ ತನ್ನಿ. ಎರಡೇ ಇದ್ದರೆ ಅದರಲ್ಲಿ ಮೈಕಿಗೆ ತಂತಿಯೇ ಇರುವುದಿಲ್ಲ.