ಕಿಸೆಯೊಳಗಿನ ದೌತಿ

ಪರೀಕ್ಷೆಯ ಕೋಣೆಯಲ್ಲಿ ಶಾಯಿ ಮುಗಿದ ಪೆನ್ನಿಗಿಂತ ನಿರುಪಯೋಗಿ ವಸ್ತು ಇನ್ನೊಂದಿಲ್ಲ. ಉತ್ತರ ತಲೆಯಲ್ಲಿದೆ, ಕಾಗದ ಮುಂದಿದೆ, ಗಡಿಯಾರ ನಿಲ್ಲದೆ ಓಡುತ್ತಿದೆ. ನಿಬ್ಬು ಮಾತ್ರ ಕಾಗದವನ್ನು ಕೆರೆಯುತ್ತಿದೆ. ಇಂದು ಹೆಚ್ಚಿನವರ ಕೈಯಲ್ಲಿ ಬಾಲ್‌ಪೆನ್ನು ಇದೆ ನಿಜ. ಆದರೂ ನಮ್ಮ ಕನ್ನಡದ ದುಂಡು ಅಕ್ಷರಗಳಿಗೆ ಶಾಯಿ ಪೆನ್ನೇ ಒಪ್ಪುತ್ತದೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದನ್ನು ಒತ್ತಿ ಹಿಡಿಯಬೇಕಾಗಿಲ್ಲ, ಮೂರು ತಾಸು ಬರೆದರೂ ಬೆರಳು ಅಷ್ಟಾಗಿ ನೋಯುವುದಿಲ್ಲ. ಅಡಚಣಿ ಒಂದೇ: ಶಾಯಿಯ ಬಾಟಲಿಯನ್ನು ಯಾರು ಹೊತ್ತುಕೊಂಡು ತಿರುಗಬೇಕು? ಆರಗ, ಬೇಡಗ, ಮ್ಹೈಸಾಳಗಳಿಂದ ಬಸ್ಸು ಹಿಡಿದು ಮಿರಜಕ್ಕೆ ಬರುವವರ, ಮಿರಜದಿಂದ ಸಾಂಗಲಿಗೆ ಹೋಗುವವರ ಚೀಲದಲ್ಲಿ ಗಾಜಿನ ಬಾಟಲಿ ಒಡೆದರೆ ಪುಸ್ತಕಗಳ ಗತಿಯೇನು?

ಈ ಪ್ರಶ್ನೆ ಹೊಸದಲ್ಲ. ಹಿಂದಿನ ಕಾಲದ ಕಾರಕೂನರೂ ಕುಲಕರ್ಣಿಗಳೂ ಇದಕ್ಕೆ ಉತ್ತರ ಕಂಡುಕೊಂಡಿದ್ದರು. ಅದೇ ಕಲಮದಾನಿ. ಬೋರಿನ ಲೇಖಣಿಗಳನ್ನು ಇಡಲು ಉದ್ದನೆಯ ಹಿತ್ತಾಳೆಯ ಕೊಳವೆ, ಅದರ ತುದಿಗೆ ಅಂಟಿಕೊಂಡಂತೆ ಮುಚ್ಚಳವಿರುವ ಒಂದು ಪುಟ್ಟ ದೌತಿ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹೊಲದ ಬದುವಿನಲ್ಲಿ ಕುಳಿತೂ ಬರೆಯಬಹುದು. ದೌತಿಯಲ್ಲಿ ಬಟ್ಟೆಯ ಚೂರನ್ನೋ ರೇಷ್ಮೆಯ ಎಳೆಗಳನ್ನೋ ಅದುಮಿ ಇಡುತ್ತಿದ್ದರು. ಶಾಯಿ ಆ ಎಳೆಗಳ ಸಂದಿಯಲ್ಲಿ ನಿಲ್ಲುತ್ತದೆ, ದೌತಿ ಮಗುಚಿದರೂ ಚೆಲ್ಲುವುದಿಲ್ಲ. ಲೇಖಣಿಯ ತುದಿ ತಾಗಿದಾಗ ಬೇಕಾದಷ್ಟೇ ಬರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸುವ ನಿಯಮವೇ ಇದು.

ಸಾಂಗಲಿ, ಮಿರಜ ಎರಡೂ ಪಟವರ್ಧನರ ಸಂಸ್ಥಾನಗಳಾಗಿದ್ದವು. ಪಟವರ್ಧನ ಸರದಾರರು ದಂಡಿನೊಡನೆ ಹೋದಲ್ಲಿಂದ ಊರಿಗೆ ಪತ್ರ ಬರೆಸುತ್ತಿದ್ದರು. ಪರಶುರಾಮಭಾವು 1790-91ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ್ದನ್ನು ಇತಿಹಾಸದಲ್ಲಿ ಓದುತ್ತೇವೆ. ಆ ಮನೆತನದ ಕಾಗದಪತ್ರಗಳನ್ನು ಹುಡುಕಿ ಓದಿ ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಅಚ್ಚು ಮಾಡಿಸಿದ ವಾಸುದೇವಶಾಸ್ತ್ರೀ ಖರೆಯವರು (1858-1924) ಮಿರಜದಲ್ಲೇ ಶಾಲಾ ಶಿಕ್ಷಕರಾಗಿದ್ದವರು. ತೋಫು ಮದ್ದುಗುಂಡುಗಳ ಜೊತೆಗೆ ದಂಡಿನಲ್ಲಿ ದೌತಿಯೂ ಪ್ರಯಾಣ ಮಾಡಿರದಿದ್ದರೆ ಖರೆಯವರಿಗೆ ಓದಲು ಏನು ಉಳಿಯುತ್ತಿತ್ತು!

ಆದರೆ ಆ ಹಳೆಯ ಶಾಯಿಯನ್ನು ನಮ್ಮ ಪೆನ್ನಿಗೆ ಹಾಕಬಾರದು. ಅದು ದೀಪದ ಕಾಡಿಗೆ ಮತ್ತು ಅಂಟಿನಿಂದ ಆದದ್ದು. ಕಾಡಿಗೆ ನೀರಿನಲ್ಲಿ ಕರಗುವುದಿಲ್ಲ, ತೇಲಾಡುತ್ತದೆ ಅಷ್ಟೆ. ನಿಬ್ಬಿನ ಸೀಳಿನಲ್ಲಿ ಒಣಗಿದರೆ ಕಲ್ಲಿನಂತೆ ಕೂರುತ್ತದೆ. ಪೆನ್ನಿನ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಶಾಯಿಯನ್ನು ಒಣಗಿಸಿ ಒಯ್ಯುವ ಉಪಾಯವೂ ಇತ್ತು. ಮೊದಲನೆಯ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕರಿಗಾಗಿ ಪಾರ್ಕರ್ ಕಂಪನಿ ಶಾಯಿಯ ಗುಳಿಗೆ ಇಡುವ ಪೆನ್ನು ಮಾಡಿತ್ತು. ಗುಳಿಗೆಗೆ ನೀರು ಸೇರಿಸಿದರೆ ಶಾಯಿ ಸಿದ್ಧ. ನಮ್ಮಲ್ಲಿ ದಿಗಂಬರ ಪರಶುರಾಮ ದಾಂಡೇಕರರು 1931ರಲ್ಲಿ ಮುಂಬಯಿಯಲ್ಲಿ ಶಾಯಿಯ ಪುಡಿ ಮತ್ತು ಗುಳಿಗೆಗಳಿಂದಲೇ ತಮ್ಮ ಉದ್ಯಮ ಆರಂಭಿಸಿದರು. ಅದೇ ಮುಂದೆ ಕ್ಯಾಮ್ಲಿನ್ ಆಯಿತು.

ಇನ್ನು ಮುಖ್ಯ ಮಾತಿಗೆ ಬರೋಣ. ‘ಮನೆಯಲ್ಲೇ ಪೆನ್ನು ತುಂಬಿಕೊಂಡು ಬಂದರಾಯಿತು, ದೌತಿ ಯಾಕೆ?’ ಎಂದು ಕೇಳಬಹುದು. ಬೆಳಗ್ಗೆ ತುಂಬಿದ ಪೆನ್ನು ಮಧ್ಯಾಹ್ನಕ್ಕೆ ಅರ್ಧವಾಗಿರುತ್ತದೆ. ಅರ್ಧ ಖಾಲಿಯಾದ ಪೆನ್ನೇ ಶಾಯಿ ಕಕ್ಕುವುದು, ತುಂಬಿದ್ದಲ್ಲ! ವಿಚಿತ್ರವೆನಿಸಿದರೂ ಕಾರಣ ನಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಪೆನ್ನಿನೊಳಗೆ ಒಂದೂವರೆ ಮಿಲಿಲೀಟರ್ ಗಾಳಿ ಇದೆ ಎನ್ನಿ. ಅದರ ಉಷ್ಣತೆ 25 ಡಿಗ್ರಿ. ಕಿಸೆಯ ಮತ್ತು ಕೈಯ ಬಿಸಿಗೆ ಅದು 35 ಡಿಗ್ರಿಯಾದರೆ ಗಾಳಿ ನೂರಕ್ಕೆ ಸುಮಾರು ಮೂರೂವರೆಯಷ್ಟು ಹಿಗ್ಗುತ್ತದೆ, ಅಂದರೆ 0.05 ಮಿಲಿಲೀಟರ್. ಅಷ್ಟು ಶಾಯಿ ಹೊರಗೆ ತಳ್ಳಲ್ಪಡುತ್ತದೆ. ಅದು ಸರಿಸುಮಾರು ಒಂದು ಹನಿ. ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಬಾಚಣಿಕೆಯಂತೆ ಸಾಲುಗೆರೆಗಳಿರುತ್ತವಲ್ಲ, ಅವು ಹೆಚ್ಚಾದ ಶಾಯಿಯನ್ನು ಹಿಡಿದಿಡಲೆಂದೇ ಇವೆ. ಅಗ್ಗದ ಪೆನ್ನಿನಲ್ಲಿ ಅವು ಸಾಲುವುದಿಲ್ಲ. ಹನಿ ಉತ್ತರ ಪತ್ರಿಕೆಯ ಮೇಲೆ ಬೀಳುತ್ತದೆ.

ಮುಂಬಯಿಯಿಂದ ರೈಲಿನಲ್ಲಿ ಬರುವವರಿಗೆ ಇನ್ನೂ ಹೆಚ್ಚಿನ ಕಾಟ. ಗಾಡಿ ಬೋರಘಾಟ ಏರಿ ಲೋಣಾವಳಾ ಮುಟ್ಟುವಷ್ಟರಲ್ಲಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲೆ ಬಂದಿರುತ್ತದೆ. ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಸುಮಾರು 7ರಷ್ಟು ಕಡಿಮೆ. ಅದೇ ಅರ್ಧ ಖಾಲಿ ಪೆನ್ನು ಆಗ ಎರಡು ಹನಿ ಕಕ್ಕುತ್ತದೆ, ಅಂಗಿಯ ಕಿಸೆ ನೀಲಿಯಾಗುತ್ತದೆ. ಆದ್ದರಿಂದ ಪ್ರಯಾಣದಲ್ಲಿ ಪೆನ್ನು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ನಿಬ್ಬು ಯಾವಾಗಲೂ ಮೇಲ್ಮುಖವಾಗಿರಬೇಕು. ಹೋದಲ್ಲಿ ತುಂಬಿಕೊಳ್ಳುವ ಸಾಧನ ಜೊತೆಗಿದ್ದರೆ ಚಿಂತೆಯಿಲ್ಲ.

ಪರದೇಶದಲ್ಲಿ ಇದಕ್ಕೆಂದೇ ಪ್ರವಾಸಿ ದೌತಿಗಳನ್ನು ಮಾಡುತ್ತಾರೆ. ಬೆರಳುದ್ದದ ಕೊಳವೆ, ಬಾಯಿಯಲ್ಲಿ ಮೆತ್ತನೆಯ ರಬ್ಬರಿನ ಬಳೆ. ಪೆನ್ನಿನ ಕುತ್ತಿಗೆಯನ್ನು ಆ ಬಳೆಯೊಳಗೆ ಬಿಗಿಯಾಗಿ ತೂರಿಸಿ, ಎರಡನ್ನೂ ತಲೆಕೆಳಗು ಮಾಡುತ್ತಾರೆ. ಆಗ ದೌತಿ ಮೇಲೆ, ಪೆನ್ನು ಕೆಳಗೆ. ಶಾಯಿಯೆಲ್ಲ ನಿಬ್ಬಿನ ಸುತ್ತ ಬಂದು ನಿಲ್ಲುತ್ತದೆ. ಪೆನ್ನಿನ ದಟ್ಟೆಯನ್ನು ತಿರುವಿದರೆ ಒಳಗಿನ ಗಾಳಿ ಗುಳ್ಳೆಯಾಗಿ ದೌತಿಗೆ ಹೋಗುತ್ತದೆ, ಹಿಂದಕ್ಕೆ ತಿರುವಿದರೆ ಅದರ ಜಾಗಕ್ಕೆ ಶಾಯಿ ಬರುತ್ತದೆ. ಮತ್ತೆ ನೆಟ್ಟಗೆ ಮಾಡಿ ಪೆನ್ನನ್ನು ಹೊರಕ್ಕೆ ತೆಗೆಯುವುದು. ಕೊನೆಯ ಹನಿಗಳೂ ವ್ಯರ್ಥವಾಗುವುದಿಲ್ಲ. ಬೆಲೆ ಮಾತ್ರ ನಮ್ಮಂಥವರ ಕಿಸೆಗೆ ಭಾರ.

ಚಿಂತಿಸಬೇಕಾಗಿಲ್ಲ. ಹನಿಹನಿಯಾಗಿ ತುಂಬುವ ಪೆನ್ನಿಗೆ ಮೂತಿ ಇರುವ ಪುಟ್ಟ ಪ್ಲಾಸ್ಟಿಕ್ ಬಾಟಲಿಯೇ ಸಾಕು. ಪೆನ್ನಿನ ಕುತ್ತಿಗೆ ಬಿಚ್ಚಿ, ಒಡಲಿಗೆ ಹನಿ ಹಾಕಿ, ತಿರುಗಿಸಿ ಮುಚ್ಚಿದರಾಯಿತು. ಒತ್ತಿ ಅಥವಾ ತಿರುವಿ ಹೀರುವ ಪೆನ್ನಿಗೆ ಬೇಕಾದದ್ದು ಶಾಯಿಯ ಪ್ರಮಾಣವಲ್ಲ, ಆಳ. ಇಲ್ಲಿ ಒಂದು ಲೆಕ್ಕ ನೋಡಿರಿ. ನಾಲ್ಕು ಸೆಂಟಿಮೀಟರ್ ಅಗಲದ ಬಾಟಲಿಯಲ್ಲಿ 5 ಮಿಲಿಲೀಟರ್ ಶಾಯಿ ಉಳಿದಿದ್ದರೆ ಅದರ ಆಳ ಕೇವಲ 4 ಮಿಲಿಮೀಟರ್. ನಿಬ್ಬು ಅರ್ಧವೂ ಮುಳುಗದು, ಪೆನ್ನು ಬರೇ ಗಾಳಿ ಕುಡಿಯುತ್ತದೆ. ಅದೇ ಶಾಯಿಯನ್ನು ಒಂದೂವರೆ ಸೆಂಟಿಮೀಟರ್ ಅಗಲದ ಶೀಶೆಗೆ ಸುರಿದರೆ ಆಳ 28 ಮಿಲಿಮೀಟರ್! ನಿಬ್ಬು ಪೂರ್ತಿ ಮುಳುಗುತ್ತದೆ. ‘ಶಾಯಿ ತೀರಿತು’ ಎಂದು ನಾವು ಎಸೆಯುವ ಬಾಟಲಿಯಲ್ಲಿ ಎಷ್ಟು ಪುಟಗಳ ಬರವಣಿಗೆ ಇರುತ್ತದೆಂದು ಪಾಲಕರೂ ಲೆಕ್ಕ ಹಾಕಬಹುದು.

ಪಾಲಕರಲ್ಲಿ ಇನ್ನೊಂದು ಮಾತು. ಔಷಧದ ಖಾಲಿ ಶೀಶೆಯನ್ನು ದೌತಿಯಾಗಿ ಬಳಸುವುದಾದರೆ ಹಳೆಯ ಚೀಟಿಯನ್ನು ಪೂರ್ತಿ ಕಿತ್ತು, ‘ಶಾಯಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಲೇಬೇಕು. ಕಣ್ಣಿಗೆ ಹಾಕುವ ಔಷಧದ ಶೀಶೆಯನ್ನಂತೂ ಮುಟ್ಟಲೇಬೇಡಿರಿ. ಮಂದ ಬೆಳಕಿನಲ್ಲಿ ಅಜ್ಜಿ ಅದನ್ನೇ ಕಣ್ಣಿಗೆ ಹಾಕಿಕೊಂಡರೆ ಏನು ಮಾಡುವುದು? ಪುಟ್ಟ ಮಕ್ಕಳ ಕೈಗೂ ಸಿಗದಂತೆ ಇಡಬೇಕು.

ಶೀಶೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಬೂಚನ್ನು ಬಿಗಿದು, ಒಂದು ಗಂಟೆ ಹಳೆಯ ಕಾಗದದ ಮೇಲೆ ತಲೆಕೆಳಗಾಗಿ ಇಟ್ಟು ನೋಡಬೇಕು. ಕಾಗದ ಒಣಗಿದ್ದರೆ ಮಾತ್ರ ಅದು ಚೀಲಕ್ಕೆ ಯೋಗ್ಯ. ಆಮೇಲೂ ಒಂದು ಚಿಂದಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಇಡುವುದು ಒಳ್ಳೆಯದು. ಪರೀಕ್ಷೆಯ ದಿನ ಕೋಣೆಯೊಳಗೆ ಅದನ್ನು ತೆಗೆಯುವ ಗೊಡವೆ ಬೇಡ. ಗಂಟೆ ಬಾರಿಸುವ ಮುನ್ನ ಹೊರಗೆ ಗಿಡದ ನೆರಳಲ್ಲಿ ನಿಂತು ತುಂಬಿ, ನಿಬ್ಬು ಒರೆಸಿ ಒಳಗೆ ಹೋಗಬೇಕು. ಎರಡು ಪೆನ್ನು ಇದ್ದವರು ಎರಡನ್ನೂ ತುಂಬಲಿ. ಒಂದೇ ಪೆನ್ನು ಇದ್ದವರಿಗೆ ಎರಡು ಪತ್ರಿಕೆಗಳ ನಡುವಿನ ಬಿಡುವಿನಲ್ಲಿ ಈ ಶೀಶೆಯೇ ಎರಡನೆಯ ಪೆನ್ನು. ಹಿಂದೆ ಗೆಳೆಯನ ಪೆನ್ನಿನಿಂದ ಬೆಂಚಿನ ಮೇಲೆ ನಾಲ್ಕು ಹನಿ ಸಾಲ ಪಡೆದು, ನಿಬ್ಬಿನಿಂದ ಹೀರಿಸಿ ಬರೆದವರು ನಮ್ಮ ಪಾಲಕರಲ್ಲೇ ಅನೇಕರಿರಬೇಕು. ಮನೆಯಲ್ಲಿ ಕೇಳಿ ನೋಡಿರಿ.

ಬೇರೆ ಬೇರೆ ಕಂಪನಿಯ ಶಾಯಿಗಳನ್ನು ಒಂದೇ ಶೀಶೆಯಲ್ಲಿ ಬೆರೆಸಬೇಡಿರಿ, ಕೆಲವೊಮ್ಮೆ ತಳದಲ್ಲಿ ಗಷ್ಟು ಕಟ್ಟುತ್ತದೆ. ತಿಂಗಳಿಗೊಮ್ಮೆ ರವಿವಾರದ ದಿನ ಶೀಶೆಯನ್ನೂ ಪೆನ್ನನ್ನೂ ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಿಸಿನೀರು ಬೇಡ, ಪ್ಲಾಸ್ಟಿಕ್ಕಿನ ನಾಲಿಗೆ ಸೊಟ್ಟಗಾಗುತ್ತದೆ.